ಕಾಯುವ ಮನುಷ್ಯ

ಫೆಬ್ರವರಿ ೬

ದಿನಕ್ಕೊಂದು ಪುಟ ಬರೆಯಿರಿ ಎಂದವಳು ಬ್ರ್ಯಾಂಡ್ ಮೇಡಂ. ಅದು ಅವಳ ಹೆಸರಲ್ಲ, ಮನೆಯಲ್ಲಿ ನಾವಿಟ್ಟದ್ದು. ಕೆಲಸ ಕಳೆದುಕೊಂಡ ನಡುವಯಸ್ಕರಿಗೆ ಫೋನಿನಲ್ಲಿ ಹೆಸರು ಮಾಡಿಕೊಳ್ಳುವುದನ್ನು ಕಲಿಸುವುದು ಅವಳ ವೃತ್ತಿ. ಕಂಪನಿ ನಮ್ಮನ್ನು ಮನೆಗೆ ಕಳಿಸುವಾಗ ಹೂಗುಚ್ಛದ ಜೊತೆ ಅವಳ ಕೆಲವು ತರಗತಿಗಳನ್ನೂ ಉಡುಗೊರೆ ಕೊಟ್ಟಿತ್ತು. ಹೂವು ಬಾಡಿದ ಮೇಲೆ ಅವಳಿಗೆ ಫೋನ್ ಮಾಡಿದೆ.

"ಸರ್, ನಿಮ್ಮ ಬಗ್ಗೆ ಒಂದೇ ಒಂದು ಮಾತು ಹೇಳಿ. ಟೂತ್‌ಪೇಸ್ಟ್ ಅಂದ್ರೆ ಬಿಳಿ ಹಲ್ಲು. ನೀವು ಅಂದ್ರೆ ಏನು?"

ವಾಷಿಂಗ್ ಮೆಷಿನ್ ಕಂಪನಿಯ ದೂರು ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದೆ ಎಂದೆ.

"ಅದು ಕುರ್ಚಿ ಬಗ್ಗೆ ಆಯ್ತು ಸರ್. ನಿಮ್ಮ ಬಗ್ಗೆ ಹೇಳಿ."

ಆ ಕುರ್ಚಿಯಲ್ಲಿ ಈಗ ಯಾರೂ ಇಲ್ಲ. ದೂರು ಕೇಳಲು ಯಂತ್ರ ಬಂದಿದೆ, ಅದಕ್ಕೆ ಕುರ್ಚಿ ಬೇಕಿಲ್ಲ.

ಅನಿಸಿದ್ದನ್ನೆಲ್ಲ ಬರೆಯುತ್ತ ಹೋದರೆ ನಾನು ಯಾರೆಂದು ನನಗೇ ಗೊತ್ತಾಗುತ್ತದಂತೆ. ಆಮೇಲೆ ಅದನ್ನು ಜಗತ್ತಿಗೆ ತಿಳಿಸಬೇಕಂತೆ. ಜಗತ್ತಿಗೆ ಬೇರೆ ಬರೆಯುತ್ತೇನೆ. ಇದು ನನ್ನ ಪಾಲಿಗಿರಲಿ.

ಮುಂದಿನ ಕೋಣೆಯಲ್ಲಿ ಭಾವಮೈದ ಮಲಗಿದ್ದಾನೆ. ನನ್ನ ಹೆಂಡತಿಯ ತಮ್ಮ, ದರ್ಜಿ. ಡಿಸೆಂಬರಿನಲ್ಲಿ ಅಂಗಡಿಯ ಹೊಲಿಗೆ ಯಂತ್ರದ ಮೇಲೇ ಮುಖವಿಟ್ಟು ಬಿದ್ದಿದ್ದ. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು ಗಿರಾಕಿಯೊಬ್ಬ ಪ್ಯಾಂಟು ಪಕ್ಕದಲ್ಲಿಟ್ಟು ಹೋದನಂತೆ. ಲಕ್ವ ಹೊಡೆದದ್ದು, ಬಲಗೈಯಲ್ಲಿ ಬಲವಿಲ್ಲ. ಮಾತಿಲ್ಲ, ಇದ್ದರೂ ಗೊರಗೊರ ಸದ್ದು. ಮದುವೆಯಾದವನಲ್ಲ, ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದ.

ಮೊದಲು ಇವನ ನಾಲಿಗೆ ಇವನ ಕತ್ತರಿಗಿಂತ ಹರಿತವಾಗಿತ್ತು. ಅಂಗಡಿ ತುಂಬ ಜನರಿರುವಾಗ ನನ್ನ ಸೊಂಟಕ್ಕೆ ಟೇಪು ಸುತ್ತಿ, "ಭಾವ, ಬೈಗುಳ ತಿಂದೂ ತಿಂದೂ ಎರಡಿಂಚು ಏರಿದೀರಿ" ಎಂದಿದ್ದ. ಎಲ್ಲರ ಜೊತೆ ನಾನೂ ನಕ್ಕಿದ್ದೆ.

ಫೆಬ್ರವರಿ ೧೧

'ದೂರು ಎಂಬುದು ಅವಕಾಶ' ಎಂದು ಫೋನಿನಲ್ಲಿ ಬರೆದು ಹಾಕಿದೆ. ಮೆಚ್ಚಿದವರು ಇಬ್ಬರು. ಒಬ್ಬಳು ಹೆಂಡತಿ. ಇನ್ನೊಬ್ಬ ನೀರಿನ ಫಿಲ್ಟರ್ ಮಾರುವವನು, ನಮ್ಮ ಮನೆಯ ನೀರು ಹೇಗಿದೆ ಎಂದೂ ವಿಚಾರಿಸಿದ್ದಾನೆ.

ಫೆಬ್ರವರಿ ೧೫

ಇವಳು ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ತಮ್ಮನ ಶರ್ಟಿನ ಗುಂಡಿಗಳನ್ನು ತಾನೇ ಹಾಕಿಬಿಡುತ್ತಿದ್ದಳು. ಕೈಗೆ ವ್ಯಾಯಾಮ ಮಾಡಿಸಲು ಬರುವ ಥೆರಪಿಸ್ಟ್ ನಿನ್ನೆ ಅದನ್ನು ಕಂಡು ಗದರಿದರು.

"ನೀವು ಹಾಕಿದ್ರೆ ವ್ಯಾಯಾಮ ಆಗೋದು ನಿಮ್ಮ ಬೆರಳಿಗೆ. ಈ ಮೊದಲ ತಿಂಗಳುಗಳಲ್ಲಿ ಎಷ್ಟು ವಾಪಸ್ ಬರುತ್ತೋ ಅದೇ ದೊಡ್ಡದು. ಆಮೇಲೆ ಬಳಸದೆ ಬಿಟ್ಟ ಕೈ ತಾನು ಕೈ ಅನ್ನೋದನ್ನೇ ಮರೆತುಬಿಡುತ್ತೆ. ಆ ಬಲಗೈಯಿಂದ ಅವರೇ ಹಾಕ್ಕೊಳ್ಳಲಿ, ನೀವು ಕಾಯಿರಿ."

"ನನಗೆಲ್ಲಿ ಪುರುಸೊತ್ತು ಮೇಡಂ? ಇವರಿಗೆ ಹೇಳಿ. ಇವರಿಗೆ ಈಗ ಅದೊಂದೇ ಕೆಲಸ." ಇವಳು ಗದ್ದದಿಂದ ನನ್ನತ್ತ ತೋರಿಸಿದಳು.

ಹಾಗಾಗಿ ಇಂದು ಕಾದೆ. ಅವನ ಬೆರಳು ಗುಂಡಿಯ ಅಂಚಿಗೆ ಹೋಗುತ್ತದೆ, ಜಾರುತ್ತದೆ, ಗುಂಡಿಯ ಬದಲು ಬಟ್ಟೆಯನ್ನು ಹಿಡಿಯುತ್ತದೆ, ಹಿಡಿದದ್ದು ತಪ್ಪೆಂದು ಗೊತ್ತಾಗಲು ಇನ್ನಷ್ಟು ಹೊತ್ತು. ಎಂಜಲು ಗದ್ದಕ್ಕಿಳಿಯಿತು. ನಾನು ಮಾತಾಡಲಿಲ್ಲ, ಕೈ ಚಾಚಲಿಲ್ಲ. ಕೌಂಟರಿನಲ್ಲಿ ನಾನು ಕಲಿತದ್ದು ಇಷ್ಟೇ: ಎದುರಿನವರು ಮುಗಿಸುವವರೆಗೆ ಬಾಯಿ ತೆರೆಯಬಾರದು. ನಡುವೆ ತಡೆದರೆ ಮೊದಲಿನಿಂದ ಶುರುಮಾಡುತ್ತಾರೆ.

ಕೊನೆಗೂ ಗುಂಡಿ ತೂತಿನೊಳಗೆ ತೂರಿತು. ತೂತು ಅನ್ನಬಾರದು. ಹಾಗಂದರೆ ಇವನಿಗೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. "ತೂತು ಇರೋದು ನಿಮ್ಮ ಬನಿಯನ್‌ನಲ್ಲಿ ಭಾವ, ಶರ್ಟಿಗಿರೋದು ಕಾಜಾ."

ನನ್ನತ್ತ ನೋಡಿ ಅರ್ಧ ಬಾಯಲ್ಲಿ ನಕ್ಕ. "ಭಾವ" ಎಂದ. ಬಿದ್ದ ಮೇಲೆ ಬಂದ ಮೊದಲ ಮಾತು.

ಫೋನು ಕಿಟಕಿಯ ಹಲಗೆಯ ಮೇಲೆ ವಿಡಿಯೊ ತೆಗೆಯುತ್ತ ಓಡುತ್ತಿತ್ತು. ಥೆರಪಿಸ್ಟ್‌ಗೆ ತೋರಿಸಲಾಗುತ್ತದೆಂದು ಇಟ್ಟಿದ್ದೆ. ಬ್ರ್ಯಾಂಡ್ ಮೇಡಂಗೂ ಕಳಿಸಿದೆ.

ಫೆಬ್ರವರಿ ೧೭

"ಸಿಕ್ತು ಸರ್! ಸಿಕ್ತು!" ಅವಳು ಫೋನಿನಲ್ಲಿ ಕೂಗುತ್ತಿದ್ದಳು. "ನೀವು ಕಾಯುವ ಮನುಷ್ಯ. ಎಲ್ಲರೂ ಓಡೋ ಕಾಲದಲ್ಲಿ ಒಬ್ಬರು ಕಾಯ್ತಾರೆ. ಇನ್ಮೇಲೆ ಅದೊಂದೇ ಹಾಕಿ. ಬೆಳಗಿನ ಗುಂಡಿ, ದಿನಾ."

ಹಾಕಿದೆ. ಸಂಜೆಯೊಳಗೆ ಸಾವಿರಗಟ್ಟಲೆ ಜನ ನೋಡಿದ್ದಾರೆ. ದೊಡ್ಡ ಹುದ್ದೆಯವರು ಬರೆದಿದ್ದಾರೆ. ನನ್ನ ಹಳೆಯ ಮ್ಯಾನೇಜರು ಕೂಡ, ನನ್ನ ಜೊತೆ ಕೆಲಸ ಮಾಡಿದ್ದು ತನ್ನ ಪುಣ್ಯ ಎಂದು. ಮನೆಗೆ ಕಳಿಸುವವರ ಪಟ್ಟಿಗೆ ನನ್ನ ಹೆಸರನ್ನು ಸೇರಿಸಿದವರು ಅವರೇ.

ಭಾವಮೈದನ ಒಪ್ಪಿಗೆ ಕೇಳಿದೆ. ತಲೆಯಾಡಿಸಿದ. ಫ್ಯಾನು ಹಾಕಲೇ ಎಂದರೂ ತಲೆಯಾಡಿಸುತ್ತಾನೆ, ಆರಿಸಲೇ ಎಂದರೂ.

ಇವಳು ನೋಡಿ, "ಎಂಜಲು ಒರೆಸಿ ಆಮೇಲೆ ತೆಗೀಬಾರ್ದಿತ್ತೇನ್ರೀ?" ಎಂದಳು.

ಅದನ್ನು ಬ್ರ್ಯಾಂಡ್ ಮೇಡಂಗೆ ಹೇಳಿದೆ. "ಅಯ್ಯೋ, ಒರೆಸ್ಬೇಡಿ ಸರ್."

ಮಾರ್ಚ್ ೨

ಮೂರು ಗುಂಡಿ. ಟೀ, ಅಕ್ಕ, ಸಾಕು ಎಂಬ ಮಾತುಗಳು ಸಲೀಸಾಗಿವೆ. ಸ್ಪಂಜಿನ ಚೆಂಡನ್ನು ಸಂಜೆಯವರೆಗೂ ಹಿಸುಕುತ್ತ ಕೂರುತ್ತಾನೆ, ಹಟಮಾರಿ. ಊಟದ ಹೊತ್ತಿಗೆ ನನ್ನ ಕಡೆ ಬೆರಳು ತೋರಿಸಿ, ಬಹಳ ಹೊತ್ತು ತಿಣುಕಿ, "ಭಾವ... ಮೂರಿಂಚು" ಎಂದ. ಇವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅತ್ತಳು. "ನನ್ನ ತಮ್ಮ ವಾಪಸ್ ಬಂದ ಕಣ್ರೀ" ಎಂದಳು.

ನಾನೂ ನಕ್ಕೆ.

ಮಾರ್ಚ್ ೯

ವಿಮಾ ಕಂಪನಿಯೊಂದರಿಂದ ಸಂದೇಶ ಬಂದಿದೆ. ಗ್ರಾಹಕರನ್ನು ಸಂಭಾಳಿಸುವ ಇಡೀ ವಿಭಾಗಕ್ಕೆ ಒಬ್ಬ ಮುಖ್ಯಸ್ಥ ಬೇಕು. 'ನಿಮ್ಮ ಪಯಣವನ್ನು ಗಮನಿಸುತ್ತಿದ್ದೇವೆ' ಎಂದಿದ್ದಾರೆ. ನನ್ನದು ಪಯಣ ಎಂದು ನನಗೆ ತಿಳಿದಿರಲಿಲ್ಲ.

ಆದರೆ ನೋಡುವವರು ಕಡಿಮೆಯಾಗಿದ್ದಾರೆ. ಬ್ರ್ಯಾಂಡ್ ಮೇಡಂ ಮುಚ್ಚುಮರೆ ಮಾಡಲಿಲ್ಲ. "ಸರ್, ಇವತ್ತು ನೀವು ಕಾದಿದ್ದೇ ಇಲ್ಲ. ಅವ್ರು ಟಕ್ ಟಕ್ ಅಂತ ಹಾಕ್ಕೊಂಡು ಎದ್ದೇಬಿಟ್ರು."

"ಒಳ್ಳೇದೇ ಅಲ್ವಾ?"

"ಅವ್ರಿಗೆ ಒಳ್ಳೇದು. ಆದ್ರೆ ನಿಮ್ಮ ಬ್ರ್ಯಾಂಡು ಅವ್ರಲ್ಲ ಸರ್, ನೀವು." ಸ್ವಲ್ಪ ತಡೆದು, "ನಾನೇನೂ ಹೇಳ್ತಿಲ್ಲ, ಹೇಗಿದೆಯೋ ಹಾಗೆ ಹೇಳ್ದೆ" ಎಂದಳು.

ಮಾರ್ಚ್ ೧೩

ಬೆಳಕು ಬೆಳಗಿಗಿಂತ ಸಂಜೆ ಚೆನ್ನಾಗಿರುತ್ತದೆ. ಚೆಂಡು ಹಿಸುಕಿ ಮುಗಿದ ಮೇಲೆ ತೆಗೆದೆ. ಕೈ ದಣಿದಿತ್ತು, ನಡುಗುತ್ತಿತ್ತು. ಎರಡನೆಯ ಗುಂಡಿಗೇ ಸೋತು ಕೈಬಿಟ್ಟ. ನಾನು ಕಾದೆ. ನೋಡುವವರು ಮರಳಿ ಬಂದಿದ್ದಾರೆ.

ಮಾರ್ಚ್ ೧೮

ಚೆಂಡು ಹಿಸುಕುವುದನ್ನು ಕೆಲವು ದಿನ ನಿಲ್ಲಿಸಿದ್ದೇನೆ. ಕೈಗೂ ವಿಶ್ರಾಂತಿ ಬೇಕಲ್ಲ. ಅವನು ಅಲ್ಲಿ ಇಲ್ಲಿ ಹುಡುಕಿದ. ಬೀರುವಿನ ಮೇಲಿದೆ ಎಂದು ಹೇಳಿದ್ದರೂ ಎಟುಕುತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ.

ಮಾರ್ಚ್ ೨೦

ವಿಡಿಯೊದಲ್ಲಿ ಬಿಳಿ ಎದ್ದು ಕಾಣುತ್ತದೆ. ಅವನ ಬಿಳಿ ಶರ್ಟನ್ನು ತೆಗೆದಿಟ್ಟೆ. ತನಗೆಂದು ತಾನೇ ಹೊಲಿದುಕೊಂಡದ್ದು, ಒಗೆದೊಗೆದು ಕಾಜಾಗಳು ಸಡಿಲವಾಗಿವೆ. ಅವನು ಮಧ್ಯಾಹ್ನ ಮಲಗಿದ್ದಾಗ ಪ್ರತಿ ಕಾಜಾದ ತುದಿಗೆ ಎರಡೆರಡು ಹೊಲಿಗೆ ಹಾಕಿ ಕಿರಿದು ಮಾಡಿದೆ. ಸವಾಲು ಇರಬೇಕು ಎಂದು ಥೆರಪಿಸ್ಟೇ ಹೇಳಿದ್ದಾರೆ.

ಅಂಗಡಿಯಿಂದ ತಂದಿಟ್ಟ ಅವನ ಹೊಲಿಗೆ ಡಬ್ಬಿಯಲ್ಲಿ ಬಿಳಿ ದಾರ ಪೋಣಿಸಿದ ಸೂಜಿ ಸಿದ್ಧವಾಗಿಯೇ ಇತ್ತು. ಬೀಳುವ ದಿನ ಬೆಳಿಗ್ಗೆ ಪೋಣಿಸಿಟ್ಟದ್ದಿರಬೇಕು. ಇಲ್ಲದಿದ್ದರೆ ನನ್ನ ಕಣ್ಣಿಗೆ ಅದೆಲ್ಲ ಆಗುತ್ತಿರಲಿಲ್ಲ.

ಮಾರ್ಚ್ ೨೧

ಒಂದು ಗುಂಡಿಯೂ ಹೋಗಲಿಲ್ಲ. ಮೊದಲು ಆಶ್ಚರ್ಯಪಟ್ಟ, ಆಮೇಲೆ ಬೆವರಿದ, ಆಮೇಲೆ ಅತ್ತ. ಸದ್ದಿಲ್ಲದ ಅಳು, ಅರ್ಧ ಮುಖದಲ್ಲಿ ಮಾತ್ರ. ನಾನು ಅವನೆದುರು ಮಂಡಿಯೂರಿ ಕೂತು ಕಾದೆ.

ಇದುವರೆಗಿನದ್ದರಲ್ಲಿ ಇದೇ ಚೆನ್ನಾಗಿ ಬಂದಿದೆ. ಯಾವುದೋ ಭಾಷೆಯವರೂ ಹೃದಯದ ಗುರುತು ಹಾಕಿದ್ದಾರೆ.

ಕಾಯುವುದೂ ಒಂದು ಕೊಡುಗೆ.

ಮಾರ್ಚ್ ೨೬

ಅವನನ್ನು ಹೊಸ ಪದವೊಂದು ಹಿಡಿದುಕೊಂಡಿದೆ. "ಕಾಜಾ." ಊಟಕ್ಕೆ ಕರೆದರೆ ಕಾಜಾ, ಟೀ ಕೊಟ್ಟರೆ ಕಾಜಾ. ಶರ್ಟಿನ ಅಂಚನ್ನು ಹೆಬ್ಬೆರಳಿನಿಂದ ತಡವುತ್ತ ಇವಳ ಕಡೆ ನೋಡಿ "ಅಕ್ಕ, ಕಾಜಾ" ಎನ್ನುತ್ತಾನೆ.

"ಅಂಗಡಿ ನೆನಪಾಗ್ತಿದೆ ಪಾಪ," ಎಂದಳು ಇವಳು, ಬ್ಯಾಗು ಹೆಗಲಿಗೇರಿಸುತ್ತ. "ಹೂಂ ಕಣೋ, ಕಾಜಾ. ನೀನೇ ಹೊಲಿದಿದ್ದು. ಬಸ್ಸು ಹೋಗುತ್ತೆ, ಬರ್ಲಾ?"

ಪೆಟ್ಟು ಬಿದ್ದ ಮಿದುಳು ಒಂದೇ ಪದಕ್ಕೆ ಸಿಕ್ಕಿಹಾಕಿಕೊಳ್ಳುವುದುಂಟು ಎಂದು ಎಲ್ಲೋ ಓದಿದ್ದೇನೆ. ಅದನ್ನೇ ಬರೆದು ಹಾಕಿದೆ.

ಏಪ್ರಿಲ್ ೩

ಥೆರಪಿಸ್ಟ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಂಡವು.

"ಕಳೆದ ತಿಂಗಳು ಇಷ್ಟು ಬಿಗಿ ಇರ್ಲಿಲ್ಲ. ದಿನಾ ಮಾಡಿಸ್ತಿದೀರಲ್ಲ?"

"ಫೋನಲ್ಲಿ ನೋಡಿರ್ತೀರಲ್ಲ ಮೇಡಂ," ಎಂದೆ.

ಅವರು ನೋಡಿದ್ದರು. ಅವರ ತಾಯಿಯೂ ನೋಡುತ್ತಾರಂತೆ. ನನ್ನಂಥವರು ಮನೆಗೊಬ್ಬರಿದ್ದರೆ ತಮ್ಮ ಕೆಲಸ ಹಗುರವಾಗುತ್ತಿತ್ತು ಎಂದರು. ಮಿದುಳಿನೊಳಗೆಲ್ಲೋ ಎರಡನೆಯ ಪೆಟ್ಟು, ಸಣ್ಣದು, ಗೊತ್ತಾಗದ ಹಾಗೆ ಆಗಿರಬಹುದು, ಹಾಗಿದ್ದರೆ ಹೆಚ್ಚೇನೂ ಆಸೆ ಇಟ್ಟುಕೊಳ್ಳಬೇಡಿ ಎಂದು ಇವಳಿಗೆ ಹೇಳಿದರು.

ಅವನು ನಡುವೆ "ಕಾಜಾ, ಕಾಜಾ" ಎಂದು ಬಡಬಡಿಸುತ್ತಿದ್ದ. ಥೆರಪಿಸ್ಟ್ ಅವನ ಕೆನ್ನೆ ತಟ್ಟಿ ಹೊರಟರು.

ಇವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನ ಕೆಳಗೆ ಅಳು ಕೇಳುತ್ತಿತ್ತು. ಬಾಗಿಲ ಹೊರಗೆ ನಿಂತು, ಮುಗಿಯುವವರೆಗೆ ಕಾದೆ. ನಲ್ಲಿ ನಿಂತ ಮೇಲೆ ಟವೆಲ್ ಕೊಟ್ಟೆ. ವಿಡಿಯೊ ಚೆನ್ನಾಗಿ ಬರುತ್ತಿತ್ತು, ಆದರೆ ಆ ಮೂಲೆಯಲ್ಲಿ ಬೆಳಕಿಲ್ಲ.

ಏಪ್ರಿಲ್ ೪

ಸೂಜಿ ತೆಗೆದು ಹೊಲಿಗೆ ಬಿಚ್ಚೋಣ ಎಂದು ಎದ್ದೆ. ವಿಮಾ ಕಂಪನಿಯಿಂದ ಫೋನ್ ಬಂತು. ಆಮೇಲೆ ಮರೆತುಹೋಯಿತು.

ಏಪ್ರಿಲ್ ೧೨

ಕೊನೆಯ ಸುತ್ತು ಸಂದರ್ಶನವಲ್ಲವಂತೆ. ತಮ್ಮ ಎಲ್ಲ ಸಿಬ್ಬಂದಿಯ ಎದುರು ನಾನು ಮಾತಾಡಬೇಕಂತೆ, ಭಾವಮೈದನೂ ಬಂದರೆ ಒಳ್ಳೆಯದಂತೆ. ಬಿಳಿ ಶರ್ಟಿನಲ್ಲಿ.

"ಅವನನ್ನ ಯಾಕ್ರೀ ಅಷ್ಟು ಜನರ ಮುಂದೆ?" ಇವಳು ಕೇಳಿದಳು.

"ಕೆಲಸ ಸಿಕ್ಕರೆ ಒಳ್ಳೇ ಆಸ್ಪತ್ರೆಗೆ ತೋರಿಸಬಹುದು."

ಇವಳು ಒಪ್ಪಿದಳು. ಈ ಮಾತು ಇಷ್ಟು ಕೆಲಸ ಮಾಡುತ್ತದೆಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಏಪ್ರಿಲ್ ೧೯

ಸಭಾಂಗಣದ ಕುರ್ಚಿಗಳು ನೀಲಿ, ಮೆತ್ತಗೆ, ಏಳುವಾಗ ತಾವೇ ಮಡಚಿಕೊಳ್ಳುವಂಥವು. ಬ್ರ್ಯಾಂಡ್ ಮೇಡಂ ಮೊದಲ ಸಾಲಿನಲ್ಲಿದ್ದಳು. ಮೊದಲ ಸಲ ಮುಖಾಮುಖಿ ಕಂಡದ್ದು, ನಾನಂದುಕೊಂಡದ್ದಕ್ಕಿಂತ ಕುಳ್ಳಿ. ಇವಳಿಗೆ ರಜೆ ಸಿಗಲಿಲ್ಲ.

ಕಾಯುವುದರ ಬಗ್ಗೆ ಮಾತಾಡಿದೆ. "ಎದುರಿನವರ ಮಾತನ್ನು ನಾವು ಮುಗಿಸಬಾರದು. ನಾವು ಮುಗಿಸಿದ ಮಾತು ಅವರದ್ದಲ್ಲ." ಕೆಲವರು ಬರೆದುಕೊಂಡರು.

ಆಮೇಲೆ ವಿಮಾ ಕಂಪನಿಯ ದೊಡ್ಡ ಮೇಡಂ, ಕೆಲಸ ಕೊಡುವವರು, ವೇದಿಕೆಯ ಮೇಲೆ ಬಂದು ಭಾವಮೈದನ ಕುರ್ಚಿಯ ಪಕ್ಕ ಬಾಗಿ ಮೈಕು ಹಿಡಿದರು. "ನಿಮ್ಮ ಭಾವನ ಬಗ್ಗೆ ಏನಾದ್ರೂ ಹೇಳ್ತೀರಾ? ಅವಸರ ಇಲ್ಲ. ನಾವೆಲ್ಲ ಕಾಯ್ತೀವಿ."

ಅಷ್ಟು ಜನ ಉಸಿರು ಬಿಗಿಹಿಡಿದು ಕೂತರು. ನನ್ನಿಂದಲೇ ಕಲಿತದ್ದು.

"ಕಾಜಾ," ಎಂದ.

ಕಾದರು.

ಹೆಬ್ಬೆರಳನ್ನು ಎದೆಯ ಮೇಲಿನ ಕಾಜಾದ ತುದಿಗೆ ಒತ್ತಿ ಹಿಡಿದ. ಹಣೆಯ ನರ ಎದ್ದಿತ್ತು. "ಭಾವ," ಎಂದ. ಮತ್ತೆ ಬಹಳ ಹೊತ್ತು. ತುಟಿ ಕೂಡುತ್ತಿತ್ತು, ಬಿಡುತ್ತಿತ್ತು. ಪದ ಗಂಟಲಿನಿಂದ ಮೇಲೇರಿ ಬರುವುದು ನನಗೆ ಕಾಣಿಸುತ್ತಿತ್ತು, ಗುಂಡಿ ಕಾಜಾದ ಬಳಿ ಬರುವುದು ಕಾಣಿಸುವ ಹಾಗೆ. "ಹೊಲಿ..."

"ಭಾವನ ಶರ್ಟಿಗೆಲ್ಲ ಕಾಜಾ ಹೊಲಿದಿದ್ದು ನಾನೇ ಅಂತಿದ್ದಾನೆ," ಎಂದೆ ನಾನು ಸಭೆಗೆ. "ನನ್ನ ಮದುವೆ ದಿನ ನಾನು ತೊಟ್ಟಿದ್ದೂ ಇವನು ಹೊಲಿದ ಶರ್ಟೇ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡ ಮೇಡಂ ಕಣ್ಣೊರೆಸಿಕೊಂಡರು. ಬ್ರ್ಯಾಂಡ್ ಮೇಡಂ ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು.

ಅವನು ನನ್ನ ಕಡೆ ನೋಡಿದ. ಬಾಯಿ ಇನ್ನೂ ತೆರೆದೇ ಇತ್ತು. ಚಪ್ಪಾಳೆ ನಿಲ್ಲುವ ಮೊದಲೇ ಮುಚ್ಚಿದ.

ಒಂದೆರಡು ಪದ ಬೇಗ ಮಾತಾಡಿಬಿಟ್ಟೆ, ಅಷ್ಟೆ. ಯಾರಿಗೂ ಗೊತ್ತಾಗಲಿಲ್ಲ.

ಏಪ್ರಿಲ್ ೨೦

ಕೆಲಸ ಸಿಕ್ಕಿತು.

ಏಪ್ರಿಲ್ ೨೭

ಇವನು ಅಂದಿನಿಂದ ಮಾತಾಡಿಲ್ಲ. ಟೀ ಇಲ್ಲ, ಅಕ್ಕ ಇಲ್ಲ, ಸಾಕು ಇಲ್ಲ. ಕಾಜಾ ಕೂಡ ಇಲ್ಲ. ಬೀರುವಿನ ಮೇಲಿಂದ ಚೆಂಡು ತೆಗೆದು ಕೈಗಿಟ್ಟೆ. ಮಡಚಿದ ಬೆರಳುಗಳ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಕೆಳಗೆ ಉರುಳಿತು. ಥೆರಪಿಸ್ಟ್ ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕಂತೆ. ಕೈ ಇಷ್ಟಕ್ಕೇ ನಿಂತಿತು ಎಂದುಕೊಳ್ಳಿ ಎಂದರು.

ಬ್ರ್ಯಾಂಡ್ ಮೇಡಂ ತನ್ನ ಜಾಲತಾಣದಲ್ಲಿ ನನ್ನ ಚಿತ್ರ ಹಾಕಿಕೊಂಡಿದ್ದಾಳೆ. ಮೊದಲು, ಆಮೇಲೆ, ಎಂದು ಎರಡು. ಎರಡರಲ್ಲೂ ನಾನು ಒಂದೇ ಥರ ಕಾಣುತ್ತೇನೆ.

ಮೇ ೧

ನಾಳೆ ಮೊದಲ ದಿನ. ಇನ್ನು ವಿಡಿಯೊ ಬೇಕಿಲ್ಲ. ಬಿಳಿ ಶರ್ಟು ತೆಗೆದುಕೊಂಡು ಬ್ಲೇಡಿನಿಂದ ಹೊಲಿಗೆಗಳನ್ನೆಲ್ಲ ಬಿಡಿಸಿದೆ. ಅವನು ಹಾಸಿಗೆಯ ಮೇಲೆ ಕೂತು ನೋಡುತ್ತಿದ್ದ. ಮುಗಿದ ಮೇಲೆ ಶರ್ಟನ್ನು ಅವನೆದುರು ಹರಡಿದೆ. ಈಗ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕಾದೆ. ಅವನು ಕೈ ಎತ್ತಲಿಲ್ಲ.

ಮೇ ೨

ಬೆಳಿಗ್ಗೆ ಇವಳು ತಮ್ಮನಿಗೆ ಬಿಳಿ ಶರ್ಟು ತೊಡಿಸುತ್ತಿದ್ದವಳು ನಡುವೆ ನಿಂತಳು. ಅಂಚನ್ನು ಕಣ್ಣಿನ ಹತ್ತಿರ ತಂದಳು.

"ಇದೇನ್ರೀ, ಪ್ರತಿ ಕಾಜಾದ ತುದಿಯಲ್ಲೂ ಸೂಜಿ ಗುರುತು? ಯಾರೋ ಹೊಲಿದು ಬಿಚ್ಚಿದ ಹಾಗಿದೆ."

ಕೆಳಗೆ ಕಂಪನಿಯ ಕಾರು ಹಾರ್ನ್ ಮಾಡುತ್ತಿತ್ತು. ಭಾವಮೈದ ನನ್ನನ್ನೇ ನೋಡುತ್ತಿದ್ದ.

"ಅವನನ್ನೇ ಕೇಳು," ಎಂದೆ. "ದರ್ಜಿ ಅವನಲ್ವಾ? ಹೇಳ್ತಾನೆ. ಸ್ವಲ್ಪ ಕಾಯಬೇಕು, ಅಷ್ಟೆ."

ಹೊಸ ಆಫೀಸಿನಲ್ಲಿ ನನ್ನ ಕುರ್ಚಿ ತಿರುಗುತ್ತದೆ. ಗೋಡೆಯ ಮೇಲೆ ನನ್ನದೇ ಮಾತನ್ನು ದೊಡ್ಡಕ್ಷರದಲ್ಲಿ ಬರೆಸಿದ್ದಾರೆ. ಎಲ್ಲರೂ ಅವನ ಆರೋಗ್ಯ ವಿಚಾರಿಸಿದರು.

ಸಂಜೆ ಬಂದಾಗ ಇವಳು ಬೆಳಗಿನ ಸೀರೆಯಲ್ಲೇ, ತಮ್ಮನೆದುರು ಒಂದು ಸ್ಟೂಲಿನ ಮೇಲೆ ಕೂತಿದ್ದಳು. ಕೆಲಸದ ಬ್ಯಾಗು ಬಾಗಿಲ ಬಳಿ ಇಟ್ಟಲ್ಲೇ ಇತ್ತು.

"ಹೋಗ್ಲಿಲ್ವಾ?"

"ಕಾಯ್ತಿದ್ದೆ," ಎಂದಳು. "ಮೊದಲನೇ ಪದ ಬರೋ ಹೊತ್ತಿಗೆ ಮಧ್ಯಾಹ್ನ ಆಯ್ತು. ಎರಡನೇದಕ್ಕೆ ಬಿಸಿಲು ಆ ಗೋಡೆಗೆ ಹೋಗಿತ್ತು. ಮೂರನೇದು ನೀವು ಮೆಟ್ಟಿಲು ಹತ್ತುವಾಗ ಬಂತು."

ಯಾವ ಪದಗಳೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಎದ್ದು ಸ್ಟೂಲನ್ನು ನನ್ನ ಕಡೆ ತಳ್ಳಿದಳು. ಬಿಳಿ ಶರ್ಟನ್ನು ನನ್ನ ತೊಡೆಯ ಮೇಲಿಟ್ಟಳು, ಒಂದು ಬರಿಯ ಸೂಜಿ, ಒಂದು ದಾರದ ಉಂಡೆ.

"ಹೊಲೀರಿ. ಹೇಗೆ ಹೊಲಿದ್ರಿ, ತೋರ್ಸಿ."

"ಈಗಷ್ಟೇ ಬಂದಿದೀನಿ ಕಣೇ..."

"ಅವಸರ ಇಲ್ಲ."

ದಾರದ ತುದಿಯನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ ಸೂಜಿಯ ಕಣ್ಣಿಗೆ ಹಿಡಿದೆ. ಜಾರಿತು. ಮತ್ತೆ ಹಿಡಿದೆ. ದಾರ ಎರಡು ಎಳೆಯಾಗಿ ಸೀಳಿ ಒಂದು ಆಚೆ ಹೋಯಿತು, ಒಂದು ಈಚೆ. ಇವಳ ಫೋನು ಕಿಟಕಿಯ ಹಲಗೆಯ ಮೇಲೆ, ನನಗೆ ಮುಖ ಮಾಡಿ ನಿಂತಿತ್ತು. ಓಡುತ್ತಿತ್ತೋ ಇಲ್ಲವೋ ನೋಡಲು ತಲೆಯೆತ್ತಲಿಲ್ಲ. ಭಾವಮೈದ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಗದ್ದದ ಮೇಲೆ ಏನೋ ತಣ್ಣಗೆ ಇಳಿಯಿತು, ಒರೆಸಿಕೊಳ್ಳಲು ಎರಡೂ ಕೈಗೆ ಬಿಡುವಿರಲಿಲ್ಲ.

ಇಬ್ಬರೂ ಮಾತಾಡಲಿಲ್ಲ, ಕೈ ಚಾಚಲಿಲ್ಲ.